ಹಸಿರು ದೀಪ ಮತ್ತು ಮಧ್ಯಾಹ್ನದ ಫೋನು

ಯಾರದಾದರೂ ಮನೆಯಲ್ಲಿ ಗಣೇಶನ ಹಬ್ಬಕ್ಕೋ ನಾಮಕರಣಕ್ಕೋ ಸೇರಿದಾಗ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ನನ್ನನ್ನು ಹಿಡಿದು ಕೂರಿಸಿಕೊಳ್ಳುತ್ತಾರೆ. "ಆಂಟಿ, ಡಾಟ್‌ಕಾಂ ಟೈಮಲ್ಲಿ ನೀವು ಇಲ್ಲೇ ಇದ್ರಂತಲ್ಲ, ಸಖತ್ತಾಗಿತ್ತಾ?" ಎಂದು ಕಣ್ಣರಳಿಸಿ ಕೇಳುತ್ತಾರೆ. ಸಖತ್ತಾಗಿತ್ತು ಕಣಪ್ಪ, ಏನು ಹೇಳಲಿ! ಚಚ್ಚಿಕೊಂಡೂ ಚಚ್ಚಿಕೊಂಡೂ ಹಣೆ ಇನ್ನೂ ನೆಟ್ಟಗಿದೆಯಲ್ಲ, ಅದೇ ನನ್ನ ಪುಣ್ಯ. ಕೈಯಲ್ಲಿ ಪಾಯಸದ ಬಟ್ಟಲು ಹಿಡಿದುಕೊಂಡು ಇದನ್ನೆಲ್ಲ ಹೇಳಲು ಹೊರಟರೆ ನನಗೆ ರೇಗಿಬಿಡುತ್ತದೆ, ಪಾಯಸ ಸೀರೆಯ ಮೇಲೆ ಚೆಲ್ಲುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಯಾವಾಗ ಸೀನಿಯರ್ ಆದೆ, ಯಾವಾಗ ಮ್ಯಾನೇಜರ್ ಆದೆ ಅನ್ನುವುದನ್ನೆಲ್ಲ ಬಿಟ್ಟಿದ್ದೇನೆ, ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಎರಡು ಕಂಪನಿಗಳು ಸೇರಿಕೊಂಡು ಒಂದು ಹೊಸ ವಸ್ತು ಮಾಡಲು ಹೊರಟರೆ ಮಧ್ಯೆ ನಿಂತವಳ ಗತಿ ಏನಾಗುತ್ತದೆ, ಅಷ್ಟನ್ನು ಹೇಳುತ್ತೇನೆ. ನಾಳೆ ನಿಮ್ಮ ಕುತ್ತಿಗೆಗೂ ಅದು ಬರುವುದೇ.

ನಾನು ರೆಡ್‌ವುಡ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸಕ್ಕಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. "ಅತ್ತೆಯ ಕೆಲಸ, ಅದಕ್ಕೆ ಸಂಬಳ ಬೇರೆ ಕೊಡ್ತಾರೆ" ಎಂದು ನಮ್ಮೆಜಮಾನರು ಛೇಡಿಸುತ್ತಿದ್ದರು. ಆ ದಿನಗಳಲ್ಲಿ ಯಾವ ಕಂಪನಿಯೂ ಒಂಟಿಯಾಗಿ ಏನನ್ನೂ ಮಾಡುತ್ತಿರಲಿಲ್ಲ. ಎಲ್ಲರಿಗೂ ಒಬ್ಬ ಪಾರ್ಟ್ನರ್ ಬೇಕು. ನಮಗೂ ಒಬ್ಬರು ಸಿಕ್ಕರು. ಎಮರಿವಿಲ್‌ನ ಒಂದು ಚಿಕ್ಕ ಕಂಪನಿ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ಬ್ಯಾಂಡು ಮಾಡಿತ್ತು. ಹೃದಯದ ತೊಂದರೆ ಇರುವವರು ಕಟ್ಟಿಕೊಂಡರೆ ಅದು ಸದಾ ನಾಡಿ ನೋಡುತ್ತಿರುತ್ತದೆ. ನಮ್ಮದು ಮನೆಯ ಫೋನಿನ ಪಕ್ಕದಲ್ಲಿಡುವ ಬಾಕ್ಸು. ನಾಡಿ ಏರುಪೇರಾದರೆ ಬ್ಯಾಂಡು ಬಾಕ್ಸಿಗೆ ಸುದ್ದಿ ಕಳಿಸಬೇಕು, ಬಾಕ್ಸು ಮನೆಯವರಿಗೆ ಫೋನು ಮಾಡಬೇಕು. ಎಲ್ಲ ಸರಿ ಇದ್ದರೆ ಬಾಕ್ಸಿನ ಮೇಲೆ ಹಸಿರು ದೀಪ. ಅದೇ ಹಸಿರು ಇಂಟರ್ನೆಟ್ಟಿನ ಒಂದು ಪುಟದಲ್ಲೂ ಕಾಣುತ್ತದೆ. ಮಗ ಆಫೀಸಿನಲ್ಲಿ ಕೂತು ಮನೆಯಲ್ಲಿರುವ ತಾಯಿ ಹೇಗಿದ್ದಾಳೆಂದು ನೋಡಿಕೊಳ್ಳಬಹುದು. ಒಳ್ಳೆಯ ಯೋಚನೆಯೇ. ಈಗಲೂ ಒಳ್ಳೆಯ ಯೋಚನೆ ಅಂತಲೇ ಹೇಳುತ್ತೇನೆ.

ಬ್ಯಾಂಡು, ಬಾಕ್ಸು ಒಂದೇ ಕೋಣೆಯಲ್ಲಿ ಇನ್ನೂ ಮುಖ ನೋಡಿಕೊಂಡಿರಲಿಲ್ಲ, ಆಗಲೇ ದೊಡ್ಡ ಪಾರ್ಟಿ ಆಯಿತು. ಎಲ್ಲರಿಗೂ ಟೀ ಶರ್ಟು. ಮಂಜುಗಡ್ಡೆಯಲ್ಲಿ ಕೆತ್ತಿದ ಒಂದು ಹೃದಯ, ಅದರ ಸುತ್ತ ಸಿಗಡಿ. ಸಂಜೆ ಮುಗಿಯುವಷ್ಟರಲ್ಲಿ ಹೃದಯ ಕರಗಿ ಮೇಜಿನ ಮೇಲೆಲ್ಲ ನೀರು. ನನ್ನ ಬಾಸ್ ಗ್ಯಾರಿ ಮೈಕು ಹಿಡಿದು, ಎರಡು ಕಂಪನಿ ಅಲ್ಲ, ಒಂದೇ ಕುಟುಂಬ ಎಂದ. ಮಾರನೇ ದಿನ ಬೆಳಿಗ್ಗೆ ಆ ಕುಟುಂಬದವರೆಲ್ಲ ಗುಟ್ಟು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ನಮ್ಮ ಬಾಕ್ಸಿನ ಒಳಗುಟ್ಟು ಅವರಿಗೆ ತಿಳಿಯಬಾರದು, ಅವರ ಬ್ಯಾಂಡಿನದು ನಮಗೆ ತಿಳಿಯಬಾರದು. ತಿಳಿದರೆ ನಾಳೆ ಒಬ್ಬರನ್ನು ಬಿಟ್ಟು ಇನ್ನೊಬ್ಬರೇ ಎಲ್ಲ ಮಾಡಿಕೊಂಡುಬಿಟ್ಟರೆ?

ಗ್ಯಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ವಾಸಿಯಾಗಿತ್ತು, ಜಗಳವಾದರೂ ಆಡಬಹುದಿತ್ತು. ಏನು ಹೇಳಿದರೂ "ಎಂಥ ಒಳ್ಳೇ ಪಾಯಿಂಟು, ವಿಮಲಾ!" ಅನ್ನುತ್ತಿದ್ದ. ಬಿಳಿ ಹಲಗೆಯ ಮೇಲೆ ಅದನ್ನು ಬರೆಯುತ್ತಿದ್ದ. ಸಂಜೆ ಯಾರೋ ಬಂದು ಹಲಗೆ ಒರೆಸಿ ಹೋಗುತ್ತಿದ್ದರು, ಅಲ್ಲಿಗೆ ಪಾಯಿಂಟು ಮುಗಿಯಿತು. ಅವನ ಜೊತೆ ಕೆಲಸ ಮಾಡಿದ ಅಷ್ಟೂ ಕಾಲದಲ್ಲಿ ಇಲ್ಲ ಅನ್ನುವ ಮಾತನ್ನು ಅವನ ಬಾಯಲ್ಲಿ ಕೇಳಲಿಲ್ಲ, ಆಗಿದ್ದೂ ಏನೂ ಇಲ್ಲ.

ಈಗ ನೀವು ಕೇಳಬಹುದು, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಕೆಲಸ ನಡೆಯುವುದಾದರೂ ಹೇಗೆ ಎಂದು. ನಡೆಯುತ್ತಿತ್ತು, ಜೋರಾಗಿಯೇ ನಡೆಯುತ್ತಿತ್ತು! ನಾವು ಅವರ ಬ್ಯಾಂಡಿನ ಬದಲು ನಾವೇ ಒಂದು ಸುಳ್ಳು ಬ್ಯಾಂಡು ಮಾಡಿಕೊಂಡೆವು. ಅವರು ನಮ್ಮ ಬಾಕ್ಸಿನ ಬದಲು ಅವರೇ ಒಂದು ಸುಳ್ಳು ಬಾಕ್ಸು ಮಾಡಿಕೊಂಡರು. ನಮ್ಮ ಸುಳ್ಳು ಬ್ಯಾಂಡು ಎಂದೂ ಸುಮ್ಮನಿರುತ್ತಿರಲಿಲ್ಲ, ಸದಾ ಸುದ್ದಿ ಕಳಿಸುತ್ತಲೇ ಇರುತ್ತಿತ್ತು. ಅವರ ಸುಳ್ಳು ಬಾಕ್ಸು ಏನು ಬಂದರೂ ಟಿಣ್ ಅನ್ನುತ್ತಿತ್ತು. ಎರಡೂ ಕಡೆ ಪರೀಕ್ಷೆಯಲ್ಲಿ ಪಾಸಾಗಿದ್ದೇ ಪಾಸಾಗಿದ್ದು. ನಾವೇ ಪ್ರಶ್ನೆ ಬರೆದು ನಾವೇ ಉತ್ತರ ಬರೆದು ನಾವೇ ಮಾರ್ಕ್ಸು ಕೊಟ್ಟುಕೊಂಡರೆ ಫೇಲಾಗಲು ಹುಚ್ಚೇ?

ಇವೆರಡರ ನಡುವೆ ಓಡಾಡಲು ಒಬ್ಬರು ಬೇಕಿತ್ತು. ನನ್ನನ್ನು ಹಾಕಿದರು. ವಾರದಲ್ಲಿ ಅರ್ಧ ರೆಡ್‌ವುಡ್ ಸಿಟಿ, ಅರ್ಧ ಎಮರಿವಿಲ್, ನಡುವೆ ಕೊಲ್ಲಿಯ ಮೇಲಿನ ಉದ್ದನೆಯ ಸೇತುವೆ. ಎರಡೂ ಕಂಪನಿಯ ಒಪ್ಪಂದಕ್ಕೂ ಸಹಿ ಹಾಕಿದವಳು ನಾನೊಬ್ಬಳೇ. ಎರಡೂ ಕಡೆ ಎಲ್ಲವನ್ನೂ ನೋಡಬಹುದು, ಎರಡೂ ಕಡೆ ಬಾಯಿ ಬಿಡುವ ಹಾಗಿಲ್ಲ.

ನಮ್ಮ ಕಡೆ ಬಾಕ್ಸಿನ ಪ್ರೋಗ್ರಾಂ ಬರೆಯುತ್ತಿದ್ದವನು ಹಾಸನದ ನಂಜೇಶ. ಅವರ ಕಡೆ ಬ್ಯಾಂಡಿನೊಳಗಿನ ಪ್ರೋಗ್ರಾಂ ಬರೆಯುತ್ತಿದ್ದವನು ಹುಬ್ಬಳ್ಳಿ ಕಡೆಯ ಬಸವರಾಜ. ನೋಡಿ ನಮ್ಮ ಕರ್ಮ! ಇಬ್ಬರೂ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಪಕ್ಕಪಕ್ಕ ಕೂತು ಮುದ್ದೆ ಮುರಿಯುತ್ತ ಕ್ರಿಕೆಟ್ಟು, ಮನೆ ಬಾಡಿಗೆ, ಯಾವ ಗ್ರೋಸರಿಯಲ್ಲಿ ಹುರುಳಿಕಾಳು ಸಿಗುತ್ತದೆ ಎಲ್ಲ ಮಾತಾಡುತ್ತಿದ್ದರು. ಕೆಲಸದ ಮಾತು ಮಾತ್ರ ಬೇಡ. ಒಂದು ಸಲ ನಂಜೇಶ ಬಾಯಿ ತಪ್ಪಿ, "ಬ್ಯಾಟರಿ ಎಷ್ಟು ದಿವಸ ಬರುತ್ತೋ ಬಸು?" ಅಂದ. ಬಸವರಾಜ ಸೊಪ್ಪಿನ ಸಾರಿನ ಕಡೆ ನೋಡುತ್ತ, "ಸಾರು ಭಾರಿ ಆಗೇದ್ರೀ ಅಕ್ಕಾ" ಅಂದ. ಇಬ್ಬರೂ ವೀಸಾದ ಮೇಲಿದ್ದ ಹುಡುಗರು, ಅವರನ್ನು ಏನೆಂದು ಬಯ್ಯಲಿ?

ವಿಷಯ ನನಗೆ ತಿಳಿದದ್ದು ಹೀಗೆ. ಒಂದು ದಿನ ಎಮರಿವಿಲ್‌ನಲ್ಲಿ ಬಸವರಾಜ ಬ್ಯಾಂಡನ್ನು ಕೈಯಿಂದ ಬಿಚ್ಚಿ ಮೇಜಿನ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಅದರ ದೀಪ ಆರಿತು.

"ನಾಡಿ ಸಿಗಲಿಲ್ಲಂದ್ರ ಬಿಚ್ಚಿ ಇಟ್ಟಾರ ಅಂತ ಅದಕ್ಕ ತಿಳೀತೈತ್ರಿ ಅಕ್ಕಾ, ತಾನಽ ಆಫ್ ಆಗ್ತೈತಿ. ಬ್ಯಾಟರಿ ಉಳೀತೈತಿ. ನನ್ನ ಐಡಿಯಾರೀ ಇದು" ಎಂದು ಹೆಮ್ಮೆಯಿಂದ ಹೇಳಿದ.

ಮಾರನೇ ದಿನ ರೆಡ್‌ವುಡ್ ಸಿಟಿಯಲ್ಲಿ ನಾನು ನಮ್ಮ ಸುಳ್ಳು ಬ್ಯಾಂಡಿನ ವಯರು ಕಿತ್ತೆ. ಬಾಕ್ಸು ಹಸಿರಾಗಿಯೇ ಇತ್ತು.

"ಏನಪ್ಪ ನಂಜೇಶ, ಬ್ಯಾಂಡೇ ಇಲ್ಲ, ಇದು ಹಸಿರು ತೋರಿಸ್ತಿದೆಯಲ್ಲ?"

"ಸ್ನಾನಕ್ಕೆ ಹೋದಾಗ ಬಿಚ್ಚಿಡ್ತಾರಲ್ಲ ಅಕ್ಕ. ಆಗೆಲ್ಲ ಕೂಗಿಕೊಂಡ್ರೆ ಕಸ್ಟಮರ್ರು ಬಾಕ್ಸನ್ನೇ ಕಿಟಕಿಯಿಂದ ಆಚೆ ಎಸೀತಾರೆ. ಸುದ್ದಿ ಬರಲಿಲ್ಲ ಅಂದ್ರೆ ತೊಂದರೆ ಇಲ್ಲ ಅಂತ ಲೆಕ್ಕ" ಅಂದ.

ಆ ಸಂಜೆ ಮನೆಗೆ ಹೋಗಲು ಸೇತುವೆ ದಾಟುತ್ತಿದ್ದೆ. ಮುಂದೆ ಕಾರಿನ ಸಾಲು, ಹಿಂದೆ ಕಾರಿನ ಸಾಲು, ಎರಡೂ ಕಡೆ ನೀರು. ಅಲ್ಲಿ ಎರಡು ಮಾತೂ ತಲೆಯಲ್ಲಿ ಒಟ್ಟಿಗೆ ಕೂತವು. ಯಾರಿಗಾದರೂ ನಿಜವಾಗಿಯೇ ಎಚ್ಚರ ತಪ್ಪಿ ನಾಡಿ ಸಿಗದಷ್ಟು ಕ್ಷೀಣವಾದರೆ? ಬ್ಯಾಂಡು ತನ್ನನ್ನು ಬಿಚ್ಚಿಟ್ಟಿದ್ದಾರೆ ಎಂದು ಆರಿಹೋಗುತ್ತದೆ. ಬಾಕ್ಸು ಅವರು ಸ್ನಾನಕ್ಕೆ ಹೋಗಿದ್ದಾರೆ ಎಂದು ಹಸಿರು ತೋರಿಸುತ್ತದೆ. ಮಗ ಆಫೀಸಿನಲ್ಲಿ ಆ ಹಸಿರು ನೋಡಿಕೊಂಡು ಕಾಫಿ ಕುಡಿಯುತ್ತಿರುತ್ತಾನೆ. ಅಯ್ಯೋ ದೇವರೇ ಎಂದು ಗಟ್ಟಿಯಾಗಿಯೇ ಕೂಗಿದೆ. ಪಕ್ಕದ ಕಾರಿನವಳು ಕಿಟಕಿ ಏರಿಸಿಕೊಂಡಳು.

ಮಾರನೇ ದಿನ ಗ್ಯಾರಿಗೆ ಹೇಳಲು ಹೋದೆ. ಬಾಯಿ ತೆರೆಯುವ ಮುಂಚೆಯೇ, "ಇದರಲ್ಲಿ ಅವರ ಗುಟ್ಟೇನಾದರೂ ಇದೆಯಾ?" ಎಂದು ಕೇಳಿದ. ಇದೆ ಅಂದೆ. ಎರಡೂ ಕೈ ಮೇಲೆತ್ತಿ, ಕಂಪನಿಯ ವಕೀಲೆಯ ಹತ್ತಿರ ಹೋಗು ಅಂದ. ನಾನು ಒಂದೇ ಒಂದು ವಾಕ್ಯ ಬರೆದುಕೊಂಡು ನಮ್ಮ ವಕೀಲೆಯ ಹತ್ತಿರ ಹೋದೆ. ಬ್ಯಾಂಡು ನಾಡಿ ಸಿಗದಿದ್ದರೆ ಆರಿಹೋಗುತ್ತದೆ, ಬ್ಯಾಂಡು ಆರಿದರೂ ಬಾಕ್ಸು ಹಸಿರಾಗೇ ಇರುತ್ತದೆ. ಇದನ್ನು ಎರಡೂ ಕಡೆಯವರಿಗೆ ತಿಳಿಸಲು ಅನುಮತಿ ಕೊಡಿ ಎಂದು ಕೇಳಿದೆ. ಆಕೆ ಕಾಗದವನ್ನು ಮಗುಚಿಟ್ಟಳು. ಮೊದಲರ್ಧ ಎಮರಿವಿಲ್‌ನವರದು, ಅದನ್ನು ತಾನು ಓದಿದರೆ ಅವರ ಗುಟ್ಟನ್ನು ಕದ್ದ ಹಾಗಾಗುತ್ತದೆ ಅಂದಳು. ಎಮರಿವಿಲ್‌ಗೆ ಹೋದೆ. ಅಲ್ಲಿಯ ವಕೀಲ ಕನ್ನಡಕ ತೆಗೆದು ಪಕ್ಕಕ್ಕಿಟ್ಟ, ಎಲ್ಲಿ ಕಣ್ಣಿಗೆ ಬಿದ್ದುಬಿಡುತ್ತದೋ ಎಂದು. ಉಳಿದರ್ಧ ನಮ್ಮದಂತೆ!

ಸರಿ, ಕತ್ತರಿ ತಗೊಂಡೆ. ವಾಕ್ಯವನ್ನು ನಡುವೆ ಕತ್ತರಿಸಿ ಅವರವರ ಅರ್ಧವನ್ನು ಅವರವರಿಗೆ ಕೊಟ್ಟೆ. ಇಬ್ಬರೂ ಓದಿದರು. ಇಬ್ಬರೂ ಒಂದೇ ಮಾತು ಹೇಳಿದರು: "ಇದರಲ್ಲಿ ತಪ್ಪೇನಿದೆ?"

ಯಾವ ತಪ್ಪೂ ಇಲ್ಲ! ಅರ್ಧರ್ಧ ಓದಿದರೆ ಎರಡೂ ಬಂಗಾರ! ಅಂದು ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು ಸ್ಟಿಯರಿಂಗನ್ನು ಗುದ್ದಿದ ಗುದ್ದಿಗೆ ಹಾರ್ನು ಸಿಕ್ಕಿಕೊಂಡು ಕೂಗುತ್ತಲೇ ಇತ್ತು.

ಅಷ್ಟು ಹೆದರುವುದೇಕೆ, ನೇರವಾಗಿ ಹೇಳಿಬಿಡಬಾರದಿತ್ತೇ ಎಂದು ನೀವು ಕೇಳುತ್ತೀರಿ. ನಮ್ಮ ಆಫೀಸಿನ ಒಬ್ಬನನ್ನು ಊಟದ ಮೇಜಿನಲ್ಲಿ ಏನೋ ಆಡಿದನೆಂದು ಕೈಗೆ ರಟ್ಟಿನ ಡಬ್ಬಿ ಕೊಟ್ಟು ಆಚೆ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ನಮ್ಮ ಮನೆಯವರೆಲ್ಲ ಈ ದೇಶದಲ್ಲಿ ನಿಂತಿದ್ದದ್ದು ನನ್ನ ವೀಸಾದ ಮೇಲೆ. ಕೆಲಸ ಹೋದರೆ ಮಕ್ಕಳನ್ನು ಸ್ಕೂಲು ಬಿಡಿಸಿ ಗಂಟುಮೂಟೆ ಕಟ್ಟಬೇಕು. ಇನ್ನೂ ಯಾರ ಕೈಗೂ ಬ್ಯಾಂಡು ಹೋಗಿಲ್ಲವಲ್ಲ, ಅಷ್ಟರೊಳಗೆ ಹೇಗಾದರೂ ಒಪ್ಪಿಸುತ್ತೇನೆ ಎಂದುಕೊಂಡೆ.

ಆಗ ಬಂತು ನೋಡಿ, ಮನೆಮನೆಯಲ್ಲಿ ಪ್ರಯೋಗ ಮಾಡಬೇಕೆಂಬ ಆತುರ. ಹಣ ಹಾಕಿದವರಿಗೆ ತೋರಿಸಬೇಕಂತೆ. ನೌಕರರ ಮನೆಯವರೇ ಮೊದಲು ಕಟ್ಟಿಕೊಳ್ಳಲಿ ಎಂದರು. ಬಸವರಾಜ ಎಲ್ಲರಿಗಿಂತ ಮೊದಲು ಕೈಯೆತ್ತಿ ತನ್ನ ತಾಯಿ ಗಂಗವ್ವನ ಹೆಸರು ಕೊಟ್ಟ.

ಗಂಗವ್ವನವರು ಮೊಮ್ಮಗನನ್ನು ನೋಡಿಕೊಳ್ಳಲೆಂದು ಬಂದಿದ್ದರು. ಹೃದಯ ಮೊದಲೇ ಒಂದು ಸಲ ಕೈಕೊಟ್ಟಿತ್ತು. ಅದಕ್ಕೇ ಸೊಸೆ ಕೆಲಸಕ್ಕೆ ಹೋಗದೆ ವಾಲ್ನಟ್ ಕ್ರೀಕಿನ ಅಪಾರ್ಟ್‌ಮೆಂಟಿನಲ್ಲಿ ಅವರ ಜೊತೆಗಿದ್ದಳು. ಬ್ಯಾಂಡು ಬಂದದ್ದೇ ಬಂದದ್ದು, ಸೊಸೆ ಮತ್ತೆ ಕೆಲಸಕ್ಕೆ ಸೇರಿದಳು, ಮಗುವನ್ನು ಡೇಕೇರಿಗೆ ಹಾಕಿದರು. ಹಸಿರು ದೀಪ ನೋಡಿಕೊಳ್ಳುತ್ತದಲ್ಲ! ಹಗಲಿಡೀ ಆ ಹಿರಿಜೀವ ಮನೆಯಲ್ಲಿ ಒಂಟಿ. ನೇರ ಬಸವರಾಜನ ಮೇಜಿನ ಹತ್ತಿರ ಹೋದೆ.

"ಬಸವರಾಜ, ಅಮ್ಮನ್ನ ಒಂಟಿ ಬಿಡಬೇಡಪ್ಪ" ಅಂದೆ.

"ಯಾಕ್ರಿ ಅಕ್ಕಾ, ನಮ್ ಬ್ಯಾಂಡ್ ಮ್ಯಾಲೆ ನಿಮ್ಗ ಡೌಟ್ ಐತೇನ್ರಿ?"

"ಬ್ಯಾಂಡಿನ ಮೇಲಲ್ಲ."

"ಮತ್ತ ಬಾಕ್ಸ್ ಮ್ಯಾಲ?"

"ಬಾಕ್ಸಿನ ಮೇಲೂ ಅಲ್ಲ. ನನ್ನ ಮಾತು ಕೇಳೋ, ಏನೂ ಕೇಳಬೇಡ."

ಅವನ ಮುಖ ಗಂಟಿಕ್ಕಿತು. ತಾನು ಹಗಲೂ ರಾತ್ರಿ ಕಷ್ಟಪಟ್ಟು ಮಾಡಿದ್ದನ್ನು ಸಾಫ್ಟ್‌ವೇರಿನವರು ಅನುಮಾನಿಸುತ್ತಾರೆ ಎಂದು ತಿಳಿದುಕೊಂಡ. ಮುಂದಿನ ಭಾನುವಾರ ಊಟಕ್ಕೂ ಬರಲಿಲ್ಲ.

ವಕೀಲರು ವಾಕ್ಯ ಓದುವುದಿಲ್ಲ, ಗ್ಯಾರಿ ವಕೀಲರತ್ತ ಕೈ ತೋರಿಸುವುದನ್ನು ಬಿಡುವುದಿಲ್ಲ, ಬಸವರಾಜ ಕೇಳುವುದಿಲ್ಲ. ನಾನೇನು ಮಾಡಬೇಕು? ಫೋನು ಎತ್ತಿಕೊಂಡೆ. ಮಧ್ಯಾಹ್ನ ಎರಡು ಗಂಟೆಗೆ, ಎಲ್ಲಿದ್ದರೂ, ಯಾವ ಮೀಟಿಂಗಿದ್ದರೂ ಎದ್ದು ಬಂದು ಗಂಗವ್ವನವರಿಗೆ ಫೋನು ಮಾಡತೊಡಗಿದೆ.

"ಅಮ್ಮಾ, ಊಟ ಆಯ್ತಾ?"

"ಆತವಾ. ನಿಂದು?"

"ಆಯ್ತು."

"ಏನ್ ಮಾಡಿದ್ದಿ?"

ಎರಡು ದಿನಕ್ಕೇ ಅವರಿಗೆ ರೂಢಿಯಾಯಿತು. ಮೊದಲನೇ ರಿಂಗಿಗೇ ಎತ್ತುತ್ತಿದ್ದರು. ಸೊಸೆ ಪಲ್ಯಕ್ಕೆ ಉಪ್ಪು ಹಾಕಲು ಬಿಡುವುದಿಲ್ಲ, ಇಲ್ಲಿಯ ಹಾಲಿಗೆ ಕೆನೆ ಕಟ್ಟುವುದಿಲ್ಲ, ಮೊಮ್ಮಗ ತಾನು ಹೇಳಿದ್ದಕ್ಕೆಲ್ಲ ನೋ ಅಜ್ಜಿ ಅನ್ನುತ್ತಾನೆ, ಎದುರು ಮನೆಯವಳ ನಾಯಿಗೂ ಸ್ವೆಟರು ಇದೆ, ಹೀಗೆ. ಒಂದು ದಿನ ನಾನು, "ನಿಮಗೂ ಬೇಜಾರಾದಾಗ ನನಗೆ ಫೋನ್ ಮಾಡಿ ಅಮ್ಮಾ" ಅಂದೆ.

"ಈ ದೇಶದ ಫೋನ್ ಒತ್ತಾಕ ನನಗ ಬರಂಗಿಲ್ಲ ತಂಗಿ. ಒತ್ತಿದ್ರ ಯಾವಳೋ ಇಂಗ್ಲಿಷ್‌ನ್ಯಾಗ ಬಯ್ತಾಳ. ನೀನಽ ಮಾಡು."

ನಮ್ಮ ಆಫೀಸಿನಲ್ಲಿ ನಾನು ದಿನಾ ಎರಡಕ್ಕೆ ಎದ್ದು ಹೋಗುವುದು ಚರ್ಚೆಗೆ ಬಂತು. ಟೈಮ್ ಮ್ಯಾನೇಜ್‌ಮೆಂಟಿನ ಒಂದು ಕ್ಲಾಸಿಗೆ ಹೋಗಿ ಬಾ ಎಂದು ಗ್ಯಾರಿ ನಗುತ್ತಲೇ ಹೇಳಿದ. ಹೋದೆ. ಅಲ್ಲಿಂದಲೂ ಎರಡಕ್ಕೆ ಎದ್ದು ಬಂದೆ.

ಆ ದಿನ ನಾನು ಎಮರಿವಿಲ್‌ನಲ್ಲಿದ್ದೆ. ಎರಡು ಗಂಟೆಗೆ ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಇನ್ನೊಂದು ಸಲ ಮಾಡಿದೆ. ಎತ್ತಲಿಲ್ಲ. ಬಸವರಾಜನ ಮೇಜಿನ ಹತ್ತಿರ ಓಡಿದೆ.

"ಅಮ್ಮ ಫೋನ್ ಎತ್ತುತ್ತಾ ಇಲ್ಲ."

ಅವನು ಕಂಪ್ಯೂಟರಿನಲ್ಲಿ ಪುಟ ತೆರೆದು ತೋರಿಸಿದ. "ಹಸಿರು ಐತ್ರಿ ಅಕ್ಕಾ, ನೋಡ್ರಿ. ಮಲ್ಕೊಂಡಿರಬೇಕು."

"ನಿನ್ನ ಹಸಿರಿಗೆ ಬೆಂಕಿ ಹಾಕ! ಮೊದಲು ಆಂಬುಲೆನ್ಸ್ ಕರಿಯೋ!"

ಇಡೀ ಆಫೀಸು ತಿರುಗಿ ನೋಡಿತು. ಅವನ ಕೈ ಇನ್ನೂ ಮೌಸಿನ ಮೇಲೇ ಇತ್ತು. ನಾನೇ ಅವನ ಫೋನು ಕಸಿದುಕೊಂಡೆ. ಅವನಿಂದ ನಂಬರು ಕೇಳಿ ಅಪಾರ್ಟ್‌ಮೆಂಟಿನ ಮ್ಯಾನೇಜರಮ್ಮನಿಗೆ ಮಾಡಿ, ಬೀಗದ ಕೈ ತಗೊಂಡು ಮೇಲೆ ಓಡು, ಆಂಬುಲೆನ್ಸಿಗೆ ಹೇಳು ಅಂದೆ. ಪುಣ್ಯಾತ್ಗಿತ್ತಿ, ಏಕೆ ಏನು ಎಂದು ಒಂದು ಮಾತೂ ಕೇಳದೆ ಓಡಿದಳು. ಅವಳು ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲವಲ್ಲ.

ಗಂಗವ್ವನವರು ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದರಂತೆ. ಎಚ್ಚರವಿರಲಿಲ್ಲ. ಕೈಯಲ್ಲಿ ಬ್ಯಾಂಡು ಕಟ್ಟೇ ಇತ್ತು, ಅದರ ದೀಪ ಆರಿತ್ತು. ಫೋನಿನ ಪಕ್ಕದ ಬಾಕ್ಸು ಹಸಿರು ತೋರಿಸುತ್ತಿತ್ತು. ಅವರನ್ನು ಆಸ್ಪತ್ರೆಗೆ ಸಾಗಿಸುವಾಗಲೂ ಎಮರಿವಿಲ್‌ನ ಆ ಪುಟದಲ್ಲಿ ಹಸಿರೇ ಇತ್ತು. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದಾಗ ಬಸವರಾಜ ಗೋಡೆಗೆ ತಲೆಯಾನಿಸಿ ಮಗುವಿನ ಹಾಗೆ ಅತ್ತ. ನನಗೂ ಅಳು ಬಂತು, ಆದರೆ ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮುಂದಿನ ಜಂಟಿ ಮೀಟಿಂಗು ರೆಡ್‌ವುಡ್ ಸಿಟಿಯಲ್ಲಿ. ಗ್ಯಾರಿ, ಎರಡೂ ಕಡೆಯ ವಕೀಲರು, ನಂಜೇಶ, ಬಸವರಾಜ ಎಲ್ಲ ಇದ್ದರು. ಗ್ಯಾರಿ, ಗಂಗವ್ವನವರು ಬೇಗ ಗುಣವಾಗಲಿ ಎಂದು ಹಾರೈಸಿ ಮೊದಲನೇ ವಿಷಯಕ್ಕೆ ಹೋದ. ಬಾಕ್ಸಿನ ಬಣ್ಣ! ನಾನು ಎದ್ದು ನಿಂತೆ. ಬಿಳಿ ಹಲಗೆಯ ಮೇಲೆ ಆ ವಾಕ್ಯವನ್ನು ಇಡಿಯಾಗಿ, ದೊಡ್ಡದಾಗಿ ಬರೆದೆ. ವಕೀಲರು ಹಾ ಹಾ ಅನ್ನುವಷ್ಟರಲ್ಲಿ ಗಟ್ಟಿಯಾಗಿ ಓದಿಯೂ ಬಿಟ್ಟೆ.

"ವಿಮಲಾ, ನೀನು ಒಪ್ಪಂದ ಮುರಿಯುತ್ತಿದ್ದೀಯ" ಅಂದ ಗ್ಯಾರಿ.

"ಮುರಿದಾಯ್ತು. ಇದನ್ನು ಮಾತ್ರ ಒರೆಸಬೇಡ" ಅಂದೆ.

ನಂಜೇಶ ಹಲಗೆಯನ್ನೇ ನೋಡುತ್ತಿದ್ದ. ಅವನ ಮುಖ ಬಿಳಿಚಿಕೊಂಡಿತು. ಬಸವರಾಜನ ಕಡೆ ತಿರುಗಿ, ನಮ್ಮ ಮೂವರನ್ನು ಬಿಟ್ಟು ಅಲ್ಲಿ ಯಾರಿಗೂ ತಿಳಿಯದ ಕನ್ನಡದಲ್ಲಿ, "ನಾಡಿ ಸಿಗದಿದ್ರೆ ಆಫ್ ಆಗುತ್ತೇನೋ ಅದು? ಮುಂಚೆ ಹೇಳೋದಲ್ವೇನೋ ಬಸು!" ಅಂದ.

"ನೀ ಕೇಳಿದ್ದೆಲ್ಲಿ? ಸಾರು ಹೆಂಗೈತಿ ಅಂತಿದ್ದಿ."

"ಅದು ನೀನಂದಿದ್ದು ಕಣೋ!"

ನಂಜೇಶ ನನ್ನ ಕಡೆ ತಿರುಗಿದ. "ನಿಮಗೆ ಹೇಗೆ ಗೊತ್ತಾಯ್ತು ಅಕ್ಕ, ಅಮ್ಮ ಬಿದ್ದಿದ್ದಾರೆ ಅಂತ?"

"ಊಟ ಆಯ್ತಾ ಅಂತ ಕೇಳೋಕೆ ಫೋನ್ ಮಾಡ್ದೆ, ಎತ್ತಲಿಲ್ಲ."

ಅವನು ಹಲಗೆಯ ಹತ್ತಿರ ಹೋಗಿ, "ಹಾಗಾದ್ರೆ ಬಾಕ್ಸು ಸುದ್ದಿಗೆ ಕಾಯಬಾರದು. ಅದೇ ಕೇಳ್ತಾ ಇರಬೇಕು. ಉತ್ತರ ಬರಲಿಲ್ಲ ಅಂದ್ರೆ ಮನೆಯವರಿಗೆ ಫೋನ್ ಮಾಡಬೇಕು. ಸ್ನಾನಕ್ಕೆ ಹೋಗೋರು ಒಂದು ಗುಂಡಿ ಒತ್ತಿ ಹೋಗಲಿ" ಅಂದ.

ಇಬ್ಬರೂ ಎದ್ದು ಪಕ್ಕದ ಕೋಣೆಗೆ ಹೋದರು. ಒಂದೇ ಮೇಜಿಗೆ ಕೂತರು. ಅಂದು ಸಂಜೆಯೊಳಗೆ ಸರಿಯಾಯಿತು. ಕೇಳಿಸಿಕೊಂಡಿರಾ? ಅಷ್ಟು ಕಾಲ ಸೇತುವೆಯ ಮೇಲೆ ಓಡಾಡಿದೆನಲ್ಲ, ಅದೆಲ್ಲ ಒಂದು ಮಧ್ಯಾಹ್ನದ ಕೆಲಸ. ಬ್ಯಾಂಡನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ದೀಪ ಆರಿತು. ಬಾಕ್ಸು ಕೇಳಿತು, ಉತ್ತರ ಬರಲಿಲ್ಲ, ಕೆಂಪಾಗಿ ಬಡಕೊಳ್ಳತೊಡಗಿತು. ನಾವು ಮೂವರೂ ಹುಚ್ಚರ ಹಾಗೆ ಚಪ್ಪಾಳೆ ತಟ್ಟಿದೆವು.

ಕತೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು ತಾನೇ? ಮುಗಿಯಲು ಬಿಟ್ಟರೆ ತಾನೇ! ನನ್ನನ್ನು ಒಡನೆಯೇ ಕೆಲಸದಿಂದ ತೆಗೆಯಲು ಅವರಿಗೆ ಆಗಲಿಲ್ಲ, ಏಕೆಂದರೆ ಈಗ ಹೊಸ ಪ್ರಶ್ನೆ ಎದ್ದಿತ್ತು. ಈ ಕೇಳುವ ಉಪಾಯ ಯಾರ ಆಸ್ತಿ? ಅದಕ್ಕೆ ಸಾಕ್ಷಿ ಹೇಳಬಲ್ಲವಳು ನಾನೊಬ್ಬಳೇ. ನಂಜೇಶ ಹೇಳಿದ್ದರಿಂದ ನಮ್ಮದು ಎಂದು ಇವರು. ಬಸವರಾಜನ ತಾಯಿಯಿಂದ ಹೊಳೆದದ್ದು, ಆದ್ದರಿಂದ ತಮ್ಮದು ಎಂದು ಅವರು. ವಕೀಲೆ ನನ್ನನ್ನು ಕೂರಿಸಿಕೊಂಡು ಕೇಳಿದಳು:

"ಈ ಉಪಾಯ ಮೊದಲು ಯಾರಿಗೆ ಹೊಳೆಯಿತು?"

"ಯಾರಿಗೂ ಇಲ್ಲ. ನಮ್ಮ ಕಡೆ ಎಲ್ಲರೂ ಕೇಳುತ್ತಾರೆ, ಊಟ ಆಯ್ತಾ ಅಂತ."

"ಎಲ್ಲರೂ ಅಂದರೆ? ಯಾವ ಕಂಪನಿಯವರು?"

"ಕಂಪನಿಯಲ್ಲಮ್ಮ. ಬಸ್ಸಿನ ಕಂಡಕ್ಟರು, ಹಾಲಿನವರು, ಎದುರು ಮನೆಯವರು."

"ಯಾವಾಗಿನಿಂದ ಕೇಳುತ್ತಿದ್ದಾರೆ?"

ಆಕೆ ಅದನ್ನೆಲ್ಲ ಬರೆದುಕೊಂಡಳು. ಎರಡೂ ಕಡೆಯ ವಕೀಲರು ತಿಂಗಳುಗಟ್ಟಲೆ ಕಿತ್ತಾಡಿದರು. ಸರಿಯಾದ ಬ್ಯಾಂಡು, ಸರಿಯಾದ ಬಾಕ್ಸು ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತವು. ಗಂಗವ್ವನವರ ಕೈಯಲ್ಲಿದ್ದದ್ದನ್ನೂ ವಾಪಸು ತರಿಸಿಕೊಂಡರು. ಅಷ್ಟರಲ್ಲಿ ಹಣ ಹಾಕಿದವರು ಕೈ ಎತ್ತಿದರು. ಆಗ ಎಲ್ಲ ಕಡೆಯೂ ಹಾಗೇ ಆಗುತ್ತಿತ್ತು. ದಿನಕ್ಕೊಂದು ಕಂಪನಿಯ ಕುರ್ಚಿ ಮೇಜುಗಳು ಫುಟ್‌ಪಾತಿಗೆ ಬರುತ್ತಿದ್ದವು. ಎಮರಿವಿಲ್‌ನ ಕಂಪನಿ ಮುಚ್ಚಿತು. ಬಸವರಾಜನಿಗೆ ಹೇಗೋ ಬೇರೆ ಕಡೆ ಕೆಲಸ ಸಿಕ್ಕಿತು. ನಂಜೇಶನನ್ನು ನಮ್ಮಲ್ಲೇ ಬೇರೆ ವಿಭಾಗಕ್ಕೆ ಹಾಕಿದರು. ಯಾವ ಅಂಗಡಿಗೂ ಹೋಗದೆ, ಯಾರ ಕೈಗೂ ಸಿಗದೆ ಆ ವಸ್ತು ಹಾಗೇ ಹೋಯಿತು. ಇದನ್ನು ಬರೆಯುವಾಗ ಈಗಲೂ ನನಗೆ ಮೈ ಉರಿಯುತ್ತದೆ.

ಗಂಗವ್ವನವರು ಆಸ್ಪತ್ರೆಯಿಂದ ಬಂದ ಮೇಲೂ ಎರಡು ಗಂಟೆಯ ಫೋನನ್ನು ನಾನು ಬಿಟ್ಟಿರಲಿಲ್ಲ. ಸೊಸೆ ಈಗ ಅರ್ಧ ದಿನ ಮಾತ್ರ ಕೆಲಸಕ್ಕೆ ಹೋಗುತ್ತಿದ್ದಳು. ಆದರೂ ನನಗೆ ಆ ಹೊತ್ತಿಗೆ ಕೈ ತಾನೇ ಫೋನಿನ ಕಡೆ ಹೋಗುತ್ತಿತ್ತು. ನೋಡಲು ಹೋದಾಗ ನನ್ನ ಆಫೀಸಿನ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ ಬಂದಿದ್ದೆ. "ಸುಮ್ನ ಅಂಟಸ್ತಿ, ನನಗ ಒತ್ತಾಕ ಬರಂಗಿಲ್ಲ ಅಂದೀನಲ್ಲ" ಎಂದು ಗೊಣಗಿದ್ದರು.

ಕೊನೆಗೆ ನನ್ನ ಸರದಿಯೂ ಬಂತು. ಗ್ಯಾರಿ ನನ್ನನ್ನು ಕರೆದ. ನೀನು ಈ ಪ್ರಾಜೆಕ್ಟಿನ ಆತ್ಮ ಆಗಿದ್ದೆ ಎಂದ, ಕಣ್ಣಲ್ಲಿ ನೀರು ಬೇರೆ ತಂದುಕೊಂಡ. ಎಂಥ ಒಳ್ಳೇ ಪಾಯಿಂಟು ಅನ್ನಲು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಒಬ್ಬ ಗಾರ್ಡು ರಟ್ಟಿನ ಡಬ್ಬಿ ಹಿಡಿದುಕೊಂಡು ನನ್ನ ಮೇಜಿನವರೆಗೂ ಬಂದು ಕಾಯುತ್ತ ನಿಂತ. ಮಕ್ಕಳ ಫೋಟೋ, ಉಪ್ಪಿನಕಾಯಿಯ ಬಾಟಲಿ, ಪಾರ್ಟಿಯ ಟೀ ಶರ್ಟು, ಒಂದೊಂದೇ ತುಂಬಿದೆ. ವೀಸಾ ಏನಾಗುತ್ತದೆ, ಮಕ್ಕಳಿಗೆ ಏನು ಹೇಳುವುದು, ಬಾಡಿಗೆ ಹೇಗೆ ಎಂದು ತಲೆ ಗಿಮ್ಮೆನ್ನುತ್ತಿತ್ತು. ಹಸಿವೂ ಇಲ್ಲ, ಹೊತ್ತಿನ ಮೇಲೆ ಗಮನವೂ ಇಲ್ಲ.

ಮೇಜಿನ ಮೇಲಿದ್ದ ಫೋನು ಹೊಡಕೊಂಡಿತು. ಗಾರ್ಡು ಬೇಡ ಎಂದು ತಲೆಯಾಡಿಸಿದ. "ಒಂದ್ನಿಮಿಷ ಇರಪ್ಪ" ಎಂದು ಕನ್ನಡದಲ್ಲೇ ಗದರಿ ಎತ್ತಿಕೊಂಡೆ.

"ಹಲೋ."

ಆ ಕಡೆ ಸ್ವಲ್ಪ ಹೊತ್ತು ಉಸಿರಿನ ಸದ್ದು. ಆಮೇಲೆ ಬಹಳ ಗಟ್ಟಿಯಾದ ದನಿ, ದೂರ ಇದ್ದವರಿಗೆ ಕೂಗುವ ಹಾಗೆ.

"ಯಾರು, ವಿಮಲಾ ಏನವಾ? ಹುಷಾರದೀಯಿಲ್ಲೋ? ಎರಡು ಹೊಡದು ಎಷ್ಟೊತ್ತಾತು, ನಿನ್ನ ಫೋನ್ ಬರಲಿಲ್ಲ. ನನಗ ಎದಿ ಡವಡವ ಅನ್ನಾಕತ್ತೈತಿ. ಊಟ ಆತೇನು?"

ಗೋಡೆಯ ಗಡಿಯಾರ ನೋಡಿದೆ, ಎರಡು ಎಂದೋ ದಾಟಿತ್ತು.

"ಯಾಕ ಸುಮ್ನಾದಿ? ಮಾತಾಡವಾ!"

"ಇಲ್ಲಮ್ಮ. ಊಟ ಆಗಿಲ್ಲ. ಕೆಲಸ ಹೋಯ್ತು."

"ಅಯ್ಯ, ಕೆಲಸ ಹೋದ್ರ ಹಸಿವೀನೂ ಹೋಗ್ತೈತೇನು? ಬಾ ಇಲ್ಲೆ. ರೊಟ್ಟಿ ಬಡೀತೀನಿ. ಬರೂ ಮುಂದ ಬದನಿಕಾಯಿ ತಗೊಂಡ್ ಬಾ. ಸಣ್ಣವು ನೋಡಿ ತಗೋ."

ಅತ್ತುಬಿಟ್ಟೆ. ಗಾರ್ಡು ಪಾಪ, ಮುಖ ಆ ಕಡೆ ತಿರುಗಿಸಿಕೊಂಡ. ಆಮೇಲೆ ಡಬ್ಬಿಯನ್ನು ಕಾರಿನವರೆಗೂ ಅವನೇ ಹೊತ್ತುಕೊಂಡು ಬಂದ. ನಾನು ಸೇತುವೆ ದಾಟಿ, ಗ್ರೋಸರಿಯಲ್ಲಿ ನಿಂತು ಸಣ್ಣ ಬದನೆಕಾಯಿ ಆರಿಸಿಕೊಂಡು ವಾಲ್ನಟ್ ಕ್ರೀಕಿಗೆ ಹೋದೆ. ಗಂಗವ್ವನವರು ಬಾಗಿಲು ತೆಗೆದೇ ಕೂತಿದ್ದರು, ನಾನು ಬರುವವರೆಗೂ ಅವರೂ ಉಂಡಿರಲಿಲ್ಲ.